ಶಿವಗಂಗೆಯ ನೆತ್ತಿಯೂ ಶಾಂತಲೆಯ ಕಥೆಯೂ

ನೆಲಮಂಗಲ ತಾಲ್ಲೂಕಿನ ಶಿವಗಂಗೆ ನೋಡುವ ದಿಕ್ಕಿಗೆ ತಕ್ಕಂತೆ ರೂಪವನ್ನು ಬದಲಿಸುವ ಬೆಟ್ಟ. ಮೂಡಲಿಂದ ಬಸವ, ಪಡುವಲಿಂದ ಗಣಪತಿ, ತೆಂಕಲಿಂದ ಲಿಂಗ, ಬಡಗಲಿಂದ ಹೆಡೆಯೆತ್ತಿದ ನಾಗರ ಎಂಬುದು ಸುತ್ತಣ ಜನರ ಮಾತು. ಡಾಬಸ್‌ಪೇಟೆಯ ಬಳಿ ತುಮಕೂರು ಹೆದ್ದಾರಿಯನ್ನು ಬಿಟ್ಟು ಒಳಗೆ ತಿರುಗಿದವರ ಕಣ್ಣಿಗೆ ಮೊದಲು ಬೀಳುವುದು ಇವಾವುದೂ ಅಲ್ಲ, ಬರಿಯ ಬಂಡೆ. ಕಲ್ಪನೆಗೆ ತುಸು ಕಾಲಾವಕಾಶ ಬೇಕು.

ಗವಿಯಲ್ಲಿ ನೆಲಸಿರುವ ಗಂಗಾಧರೇಶ್ವರನನ್ನು ಕಂಡು, ಕಲ್ಲಿನ ಕುಳಿಯೊಳಗೆ ಕೈ ಚಾಚಿ ಒಳಕಲ್ಲು ತೀರ್ಥವನ್ನು ಮುಟ್ಟಿ ಮೇಲೇರಿದರೆ ಮೆಟ್ಟಿಲುಗಳು ಕಡಿದಾಗುತ್ತವೆ. ಕಂಬಿ ಹಿಡಿಯದೆ ಗತಿಯಿಲ್ಲ. ನೆತ್ತಿಯನ್ನು ಮುಟ್ಟಿದವರಿಗೆ ಪ್ರಪಾತದ ಅಂಚೊಂದನ್ನು ತೋರಿಸಿ, ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ ಇಲ್ಲಿಂದಲೇ ಹಾರಿ ಪ್ರಾಣ ಬಿಟ್ಟಳೆಂದು ಹೇಳುವುದು ವಾಡಿಕೆ. ಗಂಡು ಸಂತಾನವಿಲ್ಲದ ಕೊರಗೋ, ಸವತಿಗೆ ದಾರಿ ಬಿಡುವ ತ್ಯಾಗವೋ, ಕಾರಣವನ್ನು ಕಥೆ ಹೇಳುವವರು ತಮಗೆ ಒಪ್ಪುವಂತೆ ಜೋಡಿಸಿಕೊಳ್ಳುತ್ತಾರೆ.

ಶಾಸನವಾದರೋ ಬೇರೆ ಮಾತನ್ನಾಡುತ್ತದೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ, ಗಂಧವಾರಣ ಬಸದಿಯ ಬಳಿಯ ಕಲ್ಬರಹದಂತೆ, ಶಾಂತಲೆ 1131ರ ಚೈತ್ರ ಶುದ್ಧ ಪಂಚಮಿ ಸೋಮವಾರದಂದು ಶಿವಗಂಗೆಯ ತೀರ್ಥದಲ್ಲಿ ‘ಮುಡಿಪಿ’ ಸ್ವರ್ಗಸ್ಥಳಾದಳು. ಈ ಒಂದು ಶಬ್ದವನ್ನು ಅವಸರದಲ್ಲಿ ದಾಟಿಹೋಗಬಾರದು. ಮುಡಿಪು ಎಂದರೆ ಮುಗಿಸು, ತೀರಿಹೋಗು. ಜೈನರ ನಿಸಿದಿಗಲ್ಲುಗಳಲ್ಲಿ ನೋಂತು ದೇಹವನ್ನು ತೊರೆದವರಿಗೆ ಮತ್ತೆ ಮತ್ತೆ ಸಲ್ಲುವ ಕ್ರಿಯಾಪದವದು. ಶಾಂತಲೆ ವ್ರತ ಹಿಡಿದಿದ್ದಳೆಂದು ಶಾಸನ ಬಿಡಿಸಿ ಹೇಳುವುದಿಲ್ಲ, ನಿಜ. ಆದರೆ ಹಾರಿದ ಸುಳಿವು ಅದರಲ್ಲಿ ಎಳ್ಳಷ್ಟೂ ಇಲ್ಲ. ಸವತಿಗೆ ಸೋತಳೆಂಬ ಕಥೆಗಂತೂ ಆಕೆಯ ಬಿರುದೇ ಅಡ್ಡ ನಿಲ್ಲುತ್ತದೆ: ಸೊಕ್ಕಿದ ಸವತಿಯರ ಪಾಲಿಗೆ ಮದ್ದಾನೆ! 1123ರಲ್ಲಿ ಆಕೆ ಕಟ್ಟಿಸಿದ ಆ ಬಸದಿಯೇ ಸವತಿಗಂಧವಾರಣ ಬಸದಿಯೆಂದು ಹೆಸರಾಯಿತು.

ಕಾದಂಬರಿಕಾರರಿಗೆ ಪ್ರಪಾತ ಬೇಕಾದೀತು, ಅದನ್ನು ಆಕ್ಷೇಪಿಸಲಾರೆವು. ಶಾಲೆಯ ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವ ಉಪಾಧ್ಯಾಯರು ಮಾತ್ರ ಕಥೆಯೊಡನೆ ಕಲ್ಲಿನ ಮಾತನ್ನೂ ಹೇಳುವುದು ಒಳಿತು.

ಅದೇ ಶಾಸನದಲ್ಲಿ ತಾಯಿ ಮಾಚಿಕಬ್ಬೆಯ ವೃತ್ತಾಂತವೂ ಉಂಟು. ತಂದೆ ಮಾರಸಿಂಗಯ್ಯ ಶೈವ, ತಾಯಿ ಜೈನೆ. ಮಗಳು ಜಿನಭಕ್ತೆಯಾಗಿದ್ದೂ ಕಣ್ಮುಚ್ಚಿದ್ದು ಶಿವಕ್ಷೇತ್ರದಲ್ಲಿ. ಆಕೆಯ ಮರಣದ ತರುವಾಯ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಅನ್ನ ಬಿಟ್ಟು, ಸಲ್ಲೇಖನದಿಂದ ದೇಹತ್ಯಾಗ ಮಾಡಿದಳು.