ಪಿಕಪ್ ಗಾಡಿಗೆ ‘ತಂಪು ಗಾಳಿ ಕೊಳವೆ’ ಬೇಕೇ?



ಉಳ್ಳಾಗಡ್ಡಿ ಚೀಲ ಹೇರಿಕೊಂಡು ಬಾಗಲಕೋಟೆ ಮಾರುಕಟ್ಟೆಗೆ ಹೋಗುವ ಪಿಕಪ್ ಗಾಡಿಗಳು ಈಗ ಯಾವ ಊರಿಗೆ ಹೋದರೂ ನಾಲ್ಕಾರು ಕಣ್ಣಿಗೆ ಬೀಳುತ್ತವೆ. ಅವುಗಳಲ್ಲಿ ಎಷ್ಟೋ ಸಾಲದ ಮೇಲೆ ಬಂದಂಥವು. ಮಳೆ ಬರಲಿ ಬಿಡಲಿ, ತಿಂಗಳಿಗೊಮ್ಮೆ ಕಂತು ಕಟ್ಟಲೇಬೇಕು. ಇಂಥ ಗಾಡಿಗೆ ‘ಕೋಲ್ಡ್ ಏರ್ ಇಂಟೇಕ್’ ಎಂಬ ಸಾಮಾನು ಹಾಕಿಸಿದರೆ ಎಳೆತ ಹೆಚ್ಚುತ್ತದೆ, ಡೀಸೆಲ್ ಉಳಿಯುತ್ತದೆ ಎಂಬ ಮಾತು ಅಂಗಡಿಗಳಿಂದಲೂ ಹುಡುಗರ ಮೊಬೈಲಿನಿಂದಲೂ ಹಳ್ಳಿಗೆ ಬಂದಿದೆ. ಹಾಕಿಸಬೇಕೇ? ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯ ಮಟ್ಟಿಗೆ ಉತ್ತರ ‘ಬೇಡ’ ಎಂದೇ. ಏಕೆ ಬೇಡ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಈ ಸಾಮಾನೆಂದರೆ ಒಂದು ಅಗಲವಾದ ಕೊಳವೆ, ಅದರ ತುದಿಗೆ ಬುಗುರಿಯಾಕಾರದ ಒಂದು ಫಿಲ್ಟರ್. ಕಂಪನಿಯವರು ಕೂಡಿಸಿದ ಮುಚ್ಚಿದ ಡಬ್ಬಿಯನ್ನೂ ಅದರೊಳಗಿನ ಕಾಗದದ ಫಿಲ್ಟರನ್ನೂ ತೆಗೆದು ಇದನ್ನು ಜೋಡಿಸುತ್ತಾರೆ. ಫಿಲ್ಟರ್ ಸಾಮಾನ್ಯವಾಗಿ ಎಣ್ಣೆ ಸವರಿದ ಹತ್ತಿಬಟ್ಟೆಯದು.

ಇದರ ಹಿಂದಿನ ತತ್ವ ಸುಳ್ಳೇನಲ್ಲ. ತಣ್ಣನೆಯ ಗಾಳಿ ಒತ್ತಾಗಿರುತ್ತದೆ, ಅದರಲ್ಲಿ ಆಮ್ಲಜನಕ ಹೆಚ್ಚಿರುತ್ತದೆ. ಗಾಳಿ 3 ಡಿಗ್ರಿಯಷ್ಟು ತಂಪಾದರೆ ಅಷ್ಟೇ ಜಾಗದಲ್ಲಿ ಸುಮಾರು ಶೇಕಡಾ 1ರಷ್ಟು ಹೆಚ್ಚು ಗಾಳಿ ಹಿಡಿಯುತ್ತದೆ. ಎಂಜಿನ್ನಿಗೆ ಗಾಳಿ ಎಷ್ಟು ಬೇಕೆಂಬುದನ್ನು ನಾವು ಯೋಚಿಸುವುದೇ ಇಲ್ಲ. ಒಂದು ಲೀಟರ್ ಡೀಸೆಲ್ ಉರಿಯಬೇಕಾದರೆ ಕಡಿಮೆಯೆಂದರೂ ಹತ್ತು ಸಾವಿರ ಲೀಟರ್ ಗಾಳಿ ಬೇಕು. ಹತ್ತು ಲೀಟರ್ ಡೀಸೆಲ್ ಖರ್ಚಾಗುವಷ್ಟರಲ್ಲಿ, ಇಪ್ಪತ್ತು ಅಡಿ ಉದ್ದ, ಹದಿನೆಂಟು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿರುವ ಗಾಳಿಯನ್ನೆಲ್ಲ ನಿಮ್ಮ ಗಾಡಿ ನುಂಗಿರುತ್ತದೆ.

ಆದರೆ ಈ ಸಾಮಾನು ಹೆಸರು ಮಾಡಿದ್ದು ಅಮೆರಿಕದಲ್ಲಿ. ಅಲ್ಲಿನ ಪಿಕಪ್ಪುಗಳಲ್ಲಿ ಬಹಳಷ್ಟು ಪೆಟ್ರೋಲಿನವು. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಎಷ್ಟು ಹೋಗುತ್ತದೋ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬೆರೆಯುತ್ತದೆ. ಗಾಳಿ ಹೆಚ್ಚಿದರೆ ಶಕ್ತಿ ಒಂದಿಷ್ಟು ಹೆಚ್ಚುತ್ತದೆ, ಅದೂ ಎಂಜಿನ್ ಪೂರ್ತಿ ವೇಗದಲ್ಲಿ ತಿರುಗುವಾಗ. ಡೀಸೆಲ್ಲಿನ ರೀತಿ ಬೇರೆ. ಅಲ್ಲಿ ಶಕ್ತಿ ಬರುವುದು ಪಂಪು ಎಷ್ಟು ಡೀಸೆಲ್ ಸಿಡಿಸುತ್ತದೆ ಎಂಬುದರ ಮೇಲೆ. ಗಾಳಿ ಹೇಗೂ ಬೇಕಾದದ್ದಕ್ಕಿಂತ ಹೆಚ್ಚೇ ಒಳಗೆ ಹೋಗುತ್ತಿರುತ್ತದೆ. ಡೀಸೆಲ್ ಹೆಚ್ಚಿಸದೆ ಬರೀ ಗಾಳಿ ಹೆಚ್ಚಿಸಿದರೆ, ಬಹಳವಾದರೆ ಭಾರ ಎಳೆಯುವಾಗ ಹೊಗೆ ತುಸು ಕಡಿಮೆಯಾದೀತು.

ಒಂದು ಲೆಕ್ಕ ಹಾಕಿ ನೋಡಿ. 2005ರಲ್ಲಿ ಬಂದ ಟಾಟಾ ಏಸ್, ಜನ ‘ಛೋಟಾ ಹಾಥಿ’ ಎನ್ನುವ ಗಾಡಿ, 702 ಸಿಸಿಯ ಎರಡು ಸಿಲಿಂಡರಿನದು. ಅದರ ಶಕ್ತಿ ಸುಮಾರು 16 ಅಶ್ವಶಕ್ತಿ. ಒಳಗೆ ಹೋಗುವ ಗಾಳಿ 15 ಡಿಗ್ರಿ ತಂಪಾಯಿತೆಂದೇ ಇಟ್ಟುಕೊಳ್ಳಿ. ಗಾಳಿ ಹೆಚ್ಚುವುದು ಶೇಕಡಾ 5ರೊಳಗೆ. ಅದೆಲ್ಲವೂ ಶಕ್ತಿಯಾಗಿ ತಿರುಗಿದರೂ ಮುಕ್ಕಾಲು ಅಶ್ವಶಕ್ತಿ. ವಾಸ್ತವದಲ್ಲಿ ಅಷ್ಟೂ ಇಲ್ಲ. ಎರಡು ಚೀಲ ಕಡಿಮೆ ಹೇರಿದರೆ ಎಂಜಿನ್ನಿಗೆ ಅದಕ್ಕಿಂತ ಹಗುರವಾಗುತ್ತದೆ!

ಬೊಲೆರೊ ಪಿಕಪ್, ದೋಸ್ತ್ ಮುಂತಾದ ಗಾಡಿಗಳಲ್ಲಿ ಟರ್ಬೋ ಇರುತ್ತದೆ. ಟರ್ಬೋ ಗಾಳಿಯನ್ನು ಒತ್ತಿ ಕಳಿಸುವಾಗ ಅದರ ಕಾವು ನೂರು ಡಿಗ್ರಿ ದಾಟುವುದುಂಟು. ಹೊರಗಿನಿಂದ ನಾಲ್ಕು ಡಿಗ್ರಿ ತಂಪಾಗಿ ಬಂದದ್ದು ಅಲ್ಲಿ ಯಾವ ಲೆಕ್ಕ? ಅದನ್ನು ತಣಿಸಲೆಂದೇ ಕಂಪನಿಯವರು ಇಂಟರ್‌ಕೂಲರ್ ಎಂಬ ಜಾಲರಿ ಇಡುತ್ತಾರೆ. ನಿಜವಾಗಿ ತಂಪು ಗಾಳಿ ಬೇಕೆಂದಿದ್ದರೆ ಆ ಜಾಲರಿಯ ರೆಕ್ಕೆಗಳ ನಡುವೆ ಸಿಕ್ಕಿಕೊಂಡ ಹೊಟ್ಟು, ಕೆಸರು, ಹುಳುಗಳನ್ನು ಸಣ್ಣ ಧಾರೆಯ ನೀರಿನಿಂದ ತೊಳೆಯಿರಿ. ಖರ್ಚಿಲ್ಲದ ಕೆಲಸ.

ಇನ್ನೊಂದು ತಮಾಷೆಯಿದೆ. ತಂಪು ಗಾಳಿಯ ಕೊಳವೆ ನಿಮ್ಮ ಗಾಡಿಗೆ ಹುಟ್ಟುತ್ತಲೇ ಬಂದಿರುತ್ತದೆ. ಡಬ್ಬಿಯ ಬಾಯಿಂದ ಹೊರಟ ಪ್ಲಾಸ್ಟಿಕ್ ನಳಿಗೆ ಎಲ್ಲಿಗೆ ಹೋಗುತ್ತದೆ ಎಂದು ಬಗ್ಗಿ ನೋಡಿ. ಎಂಜಿನ್ನಿನ ಕಾವಿನಿಂದ ದೂರ, ಹೊರಗಿನ ಗಾಳಿ ಸಿಗುವ ಕಡೆ ಅದರ ಬಾಯಿ ಇರುತ್ತದೆ. ಹೊಸದಾಗಿ ಹಾಕಿಸಿದ ಬುಗುರಿ ಫಿಲ್ಟರ್ ಎಷ್ಟೋ ಸಲ ಬಾನೆಟ್ಟಿನ ಕೆಳಗೇ ತೆರೆದುಕೊಂಡು ಕೂತಿರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ಬಾನೆಟ್ಟಿನ ಒಳಗಿನ ಮಾತು ಕೇಳಲೇಬೇಡಿ. ಹೆಸರು ತಂಪು, ಎಳೆಯುವುದು ಬಿಸಿ. ಹಾಗಾದರೆ ಹಾಕಿಸಿದವರು ಗಾಡಿ ಚುರುಕಾಯಿತೆನ್ನುವುದೇಕೆ? ಮುಚ್ಚಿದ ಡಬ್ಬಿ ತೆಗೆದಿದ್ದರಿಂದ ಸದ್ದು ಜೋರಾಗಿರುತ್ತದೆ, ಟರ್ಬೋ ಸಿಳ್ಳೆ ಹಾಕುತ್ತದೆ. ಕಿವಿಗೆ ಚುರುಕು.

ಮೈಲೇಜಿನ ಮಾತಿಗೂ ಆಧಾರ ತೆಳುವು. ಅಮೆರಿಕದ ಓಕ್ ರಿಡ್ಜ್ ಪ್ರಯೋಗಶಾಲೆಯವರು 2009ರಲ್ಲಿ ಇದನ್ನು ಪರೀಕ್ಷಿಸಿದರು. ಈ ಕಾಲದ ಪೆಟ್ರೋಲ್ ಕಾರುಗಳಲ್ಲಿ ಫಿಲ್ಟರ್ ಧೂಳು ಕಟ್ಟಿದಾಗಲೂ ಮೈಲೇಜ್ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಓಟದ ಚುರುಕು ಮಾತ್ರ ಕುಗ್ಗಿತು. ಕಟ್ಟಿದ ಫಿಲ್ಟರಿನಿಂದಲೇ ಮೈಲೇಜ್ ಅಷ್ಟು ಇಳಿಯದಿದ್ದ ಮೇಲೆ, ಚೊಕ್ಕಟ ಫಿಲ್ಟರ್ ಬಿಟ್ಟು ಇನ್ನೊಂದು ಹಾಕಿದರೆ ಏರುವುದೆಲ್ಲಿಂದ?

ಧೂಳೇ ನಿಜವಾದ ವೈರಿ

ಲಾಭವಿಲ್ಲ ಎಂದಷ್ಟೇ ಆಗಿದ್ದರೆ ಹವ್ಯಾಸಕ್ಕೆ ಹಾಕಿಸಿಕೊಳ್ಳಲಿ ಎನ್ನಬಹುದಿತ್ತು. ನಮ್ಮ ಭಾಗದಲ್ಲಿ ಇದರಿಂದ ಹಾನಿಯುಂಟು. ಮಣ್ಣನ್ನೇ ನೋಡಿ. ಬಾದಾಮಿಯ ಗುಡ್ಡಗಳ ಕೆಂಪು ಮರಳುಗಲ್ಲೆಂದರೆ ಬೆಣಚಿನ ಕಾಳುಗಳು ಒತ್ತಿ ಕಲ್ಲಾದದ್ದು. ಅದು ಸವೆದು ಬಂದ ಮಣ್ಣಿನಲ್ಲೂ ಬೆಣಚೇ. ಇಳಕಲ್ಲಿನ ಕೆಂಪು ಗ್ರಾನೈಟಿನಲ್ಲೂ ಬೆಣಚು ಸಾಕಷ್ಟಿದೆ. ಕಲ್ಲಿನ ಗಣಿಗಳ ದಾರಿಯಲ್ಲಿ ಲಾರಿಯ ಹಿಂದೆ ಹೋದವರು ಮೀಸೆ ಒರೆಸಿಕೊಂಡರೆ ಕೈಗೆ ಹತ್ತುವುದು ಅದೇ ಪುಡಿ. ಬೆಣಚು ಉಕ್ಕಿನ ಚಾಕುವಿನ ಮೇಲೆ ಗೀರು ಹಾಕಬಲ್ಲಷ್ಟು ಗಟ್ಟಿ. ಹುನಗುಂದದ ಎರಿ ಮಣ್ಣು ಅಷ್ಟು ಗಟ್ಟಿಯಲ್ಲ, ಆದರೆ ಬಲು ನುಣುಪು. ಬೇಸಿಗೆಯಲ್ಲಿ ಹೊಲದ ದಾರಿಯ ಹುಡಿ ಹಿಟ್ಟಿನಂತೆ ಏಳುತ್ತದೆ, ಫಿಲ್ಟರನ್ನು ಬೇಗ ಕಟ್ಟಿಸುತ್ತದೆ.

ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಧೂಳು ಕೆಟ್ಟದ್ದು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಎಂಜಿನ್ನನ್ನು ಹೆಚ್ಚು ಸವೆಸುವುದು 5ರಿಂದ 20 ಮೈಕ್ರಾನಿನ ಕಣಗಳು, ಏಕೆಂದರೆ ರಿಂಗಿಗೂ ಲೈನರಿಗೂ ನಡುವಿನ ಎಣ್ಣೆಯ ಪೊರೆಯೂ ಅಷ್ಟೇ ತೆಳ್ಳಗೆ. ಕಣ ಅದರಲ್ಲಿ ಸಿಕ್ಕಿತೆಂದರೆ ಸಾಣೆಕಲ್ಲಿನ ಕೆಲಸ ಮಾಡುತ್ತದೆ. ಟರ್ಬೋ ಚಕ್ರವಂತೂ ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗುವಂಥದು. ಅದರ ಅಲಗುಗಳನ್ನು ಧೂಳು ಕಡಿಯುತ್ತದೆ.

ಒಳ್ಳೆಯ ಕಾಗದದ ಫಿಲ್ಟರ್ ನೂರಕ್ಕೆ 99 ಪಾಲಿಗಿಂತ ಹೆಚ್ಚು ಧೂಳನ್ನು ತಡೆಯುತ್ತದೆ. ಎಣ್ಣೆಬಟ್ಟೆಯ ಫಿಲ್ಟರಿನಲ್ಲಿ ಗಾಳಿ ಸಲೀಸಾಗಿ ಹೋಗುತ್ತದೆಂದರೆ ರಂಧ್ರ ದೊಡ್ಡದೆಂದೇ ಅರ್ಥ. ಉದಾಹರಣೆಗೆ ಒಂದು ಫಿಲ್ಟರ್ 99 ಪಾಲು, ಇನ್ನೊಂದು 97 ಪಾಲು ತಡೆಯಿತೆನ್ನಿ. ಕೇಳಲು ವ್ಯತ್ಯಾಸ ಎರಡೇ ಪಾಲು. ಆದರೆ ಎಂಜಿನ್ನಿಗೆ ಇಳಿದ ಧೂಳು ಒಂದಕ್ಕೆ ಮೂರು ಪಟ್ಟು. ಡಾಂಬರು ರಸ್ತೆಯ ಊರಲ್ಲಿ ಇದು ನಡೆದೀತು. ಜೋಳದ ರಾಶಿ ನಡೆದ ಕಣದ ಪಕ್ಕದಲ್ಲಿ ನಡೆಯದು. ಜೊತೆಗೆ ಎಣ್ಣೆ ಹೆಚ್ಚು ಸವರಿದರೆ, ಗಾಳಿ ಅಳೆಯುವ ಸೆನ್ಸರ್ ಇರುವ ಹೊಸ ಗಾಡಿಗಳಲ್ಲಿ ಅದರ ತಂತಿಗೆ ಎಣ್ಣೆ ಮೆತ್ತಿ ಲೆಕ್ಕ ತಪ್ಪುತ್ತದೆ. ವಾರಂಟಿ ಇರುವ ಗಾಡಿಯಾದರೆ ಅದಕ್ಕೂ ತಕರಾರು ಬಂದೀತು.

ಧೂಳು ಒಳಗಿಳಿದ ಎಂಜಿನ್ ಒಂದೇ ದಿನ ಕೈಕೊಡುವುದಿಲ್ಲ. ಮೊದಲು ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಆಮೇಲೆ ನೀಲಿ ಹೊಗೆ, ನಡುನಡುವೆ ಆಯಿಲ್ ಹಾಕುವ ಕೆಲಸ, ಆಯಿಲ್ ಮುಚ್ಚಳ ತೆಗೆದರೆ ಭುಸುಭುಸು ಗಾಳಿ. ಕಂಪ್ರೆಷನ್ ಹೋಯಿತು ಎಂದು ಮೇಸ್ತ್ರಿ ಹೇಳುವ ಹೊತ್ತಿಗೆ ರಿಂಗು, ಲೈನರು, ಪಿಸ್ಟನ್ ಎಲ್ಲವೂ ಹೊಸದು ಬೇಕು. ಆ ಖರ್ಚು ಒಂದು ಹಂಗಾಮಿನ ಉಳಿತಾಯವನ್ನು ನುಂಗುತ್ತದೆ. ಗಾಡಿ ನಿಂತ ದಿನಗಳ ಬಾಡಿಗೆಯೂ ಇಲ್ಲ, ಕಂತು ಮಾತ್ರ ನಿಲ್ಲುವುದಿಲ್ಲ.

ನೀರಿನ ಭಯವನ್ನೂ ಹೇಳಬೇಕು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳೊಳಗೂ ನೀರು ನುಗ್ಗಿದ್ದು, ಬಾದಾಮಿ-ಹುನಗುಂದ ತಾಲ್ಲೂಕಿನ ನದಿದಂಡೆಯ ಹಳ್ಳಿಗಳು ಮುಳುಗಿದ್ದು ನಿಮಗೆ ನೆನಪಿದೆ. ತಂಪು ಗಾಳಿ ಸಿಗಲೆಂದು ಫಿಲ್ಟರನ್ನು ಕೆಳಗೆ ಬಂಪರಿನ ಹತ್ತಿರ ಇಡುವ ಒಂದು ಬಗೆಯುಂಟು. ಅಂಥ ಗಾಡಿ ನೀರು ಹರಿಯುವ ಹಳ್ಳಕ್ಕೆ ಇಳಿದರೆ ಗಾಳಿಯ ಬದಲು ನೀರೆಳೆಯುತ್ತದೆ. ನೀರನ್ನು ಪಿಸ್ಟನ್ ಒತ್ತಲಾರದು; ಕನೆಕ್ಟಿಂಗ್ ರಾಡ್ ಬಾಗುತ್ತದೆ. ಟ್ರ್ಯಾಕ್ಟರಿನ ಗಾಳಿಬಾಯಿ ಬಾನೆಟ್ಟಿಗಿಂತ ಮೇಲೆ ನಿಂತಿರುವುದು ಸುಮ್ಮನೆ ಅಲ್ಲ: ಧೂಳೂ ನೀರೂ ಕೆಳಗೇ ಹೆಚ್ಚು.

ಹಾಗಾದರೆ ಮಾಡಬೇಕಾದದ್ದೇನು?

ಇರುವ ಡಬ್ಬಿಯನ್ನೇ ಸರಿಯಾಗಿ ಇಟ್ಟುಕೊಳ್ಳಿ. ಫಿಲ್ಟರ್ ದಾಟಿದ ಮೇಲೆ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸನ್ನು ಬಿಚ್ಚಿ ಒಳಗೆ ಬೆರಳಾಡಿಸಿ, ಇಲ್ಲವೇ ಬಿಳಿ ಬಟ್ಟೆಯಿಂದ ಒರೆಸಿ. ಧೂಳು ಹತ್ತಿತೆಂದರೆ ಎಲ್ಲೋ ಸಂದು ಬಿಟ್ಟಿದೆ. ಹೋಸ್ ಸೀಳಿರಬಹುದು, ಕ್ಲಿಪ್ ಸಡಿಲಾಗಿರಬಹುದು, ಫಿಲ್ಟರಿನ ರಬ್ಬರ್ ಅಂಚು ಕೂತಿರಲಿಕ್ಕಿಲ್ಲ. ಎಂಥ ಬೆಲೆಯ ಫಿಲ್ಟರ್ ಹಾಕಿದರೂ ಈ ಸಂದಿದ್ದರೆ ವ್ಯರ್ಥ. ಕೆಲವು ಡಬ್ಬಿಗಳ ತಳದಲ್ಲಿ ಹಕ್ಕಿಯ ಕೊಕ್ಕಿನಂಥ ರಬ್ಬರ್ ಇರುತ್ತದೆ. ಅದನ್ನು ಹಿಸುಕಿದರೆ ಕೂಡಿದ ಮಣ್ಣು ಉದುರುತ್ತದೆ. ಹರಿದಿದ್ದರೆ ಬದಲಿಸಿ.

ಟಯರ್ ಅಂಗಡಿಯ ಕಂಪ್ರೆಸರ್ ಹಿಡಿದು ಪೂರಾ ಒತ್ತಡದಲ್ಲಿ ಫಿಲ್ಟರಿಗೆ ಗಾಳಿ ಹೊಡೆಸುವ ಚಾಳಿ ಎಲ್ಲ ಕಡೆಗೂ ಇದೆ. ಕಾಗದ ಕಣ್ಣಿಗೆ ಕಾಣದಂತೆ ತೂತು ಬೀಳುತ್ತದೆ. ಹೊಡೆಸಲೇಬೇಕಿದ್ದರೆ ಕಡಿಮೆ ಒತ್ತಡದಲ್ಲಿ, ದೂರದಿಂದ, ಒಳಮೈಯಿಂದ ಹೊರಕ್ಕೆ. ನೀರಲ್ಲಿ ತೊಳೆಯಬಾರದು. ಕತ್ತಲಲ್ಲಿ ಬ್ಯಾಟರಿ ಹಾಕಿ ಒಳಗಿನಿಂದ ಬೆಳಕು ಬಿಟ್ಟು ನೋಡಿ. ಚುಕ್ಕಿ ಬೆಳಕು ಕಂಡರೆ ಹೊಸದು ತನ್ನಿ. ದಿನಾ ಬಿಚ್ಚಿ ನೋಡುವ ಉತ್ಸಾಹವೂ ಬೇಡ. ಸ್ವಲ್ಪ ಧೂಳು ಹಿಡಿದ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ, ಮತ್ತು ಬಿಚ್ಚಿದಾಗಲೆಲ್ಲ ಒಂದಿಷ್ಟು ಮಣ್ಣು ಒಳಗೆ ಬೀಳುತ್ತದೆ. ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿನ ಅರ್ಧಕ್ಕೇ ಬದಲಿಸಿದರೆ ನಮ್ಮ ರಸ್ತೆಗಳಿಗೆ ಸರಿಹೋಗುತ್ತದೆ. ಹೊಸ ಕೊಳವೆಯ ಸಾವಿರಾರು ರೂಪಾಯಿಯಲ್ಲಿ ಇಂಥ ಕಾಗದದ ಫಿಲ್ಟರ್ ಹಲವು ಬರುತ್ತವೆ.

ಅಪಘಾತದ ರಿಪೇರಿಯಲ್ಲಿ ಮುಂದಿನ ಪ್ಲಾಸ್ಟಿಕ್ ನಳಿಗೆ ಮುರಿದು, ಅದಿಲ್ಲದೆಯೇ ಓಡುತ್ತಿರುವ ಗಾಡಿಗಳೂ ಇವೆ. ಅಂಥವರು ಆ ಮೂಲ ನಳಿಗೆಯನ್ನು ತಂದು ಹಾಕಿಸಬೇಕು. ಬಿಸಿ ಗಾಳಿ ತಪ್ಪುತ್ತದೆ. ಈಗಾಗಲೇ ಬುಗುರಿ ಫಿಲ್ಟರ್ ಹಾಕಿಸಿದವರು ಹಳೆಯ ಡಬ್ಬಿ ಅಟ್ಟದ ಮೇಲಿದೆಯೋ ಗುಜರಿಗೆ ಹೋಯಿತೋ ವಿಚಾರಿಸಿ. ಇದ್ದರೆ ಹೊಸ ಕಾಗದದ ಫಿಲ್ಟರ್ ಮತ್ತು ಎರಡು ಕ್ಲಿಪ್ ತಂದು, ಗೋವಿನಜೋಳದ ರಾಶಿ ಶುರುವಾಗುವುದರೊಳಗೆ ಮರಳಿ ಕೂಡಿಸಿಬಿಡಿ.