ಬೇಲೂರಿನಲ್ಲಿ ಉಳಿ ಸದ್ದಾಗುತ್ತಿದ್ದ ಕಾಲಕ್ಕೆ ಮಂಗಳೂರಿನಲ್ಲೊಬ್ಬ ಯಹೂದಿ ಇದ್ದ

ಹಳೇಬೀಡಿಗೆ ಹೋದವರಲ್ಲಿ ಹೆಚ್ಚಿನವರು ಹೊಯ್ಸಳೇಶ್ವರನ್ನ ನೋಡಿ, ಎಳನೀರು ಕುಡಿದು ಬಸ್ ಹತ್ತಿಬಿಡ್ತಾರೆ. ನಡೆದೇ ಹೋಗಬಹುದಾದಷ್ಟು ಹತ್ತಿರದ ಪಾರ್ಶ್ವನಾಥ ಬಸದಿಯಲ್ಲಿ ಜನವೇ ಇರೋದಿಲ್ಲ. ಅದನ್ನು 1133ರಲ್ಲಿ ಕಟ್ಟಿಸಿದವನು ಬೊಪ್ಪ, ತೀರಿಹೋದ ತನ್ನ ತಂದೆ, ದಂಡನಾಯಕ ಗಂಗರಾಜನ ನೆನಪಿಗೆ. ಬೇಲೂರಿನಲ್ಲಿ ಚೆನ್ನಕೇಶವನನ್ನು ನಿಲ್ಲಿಸಿದ ವೈಷ್ಣವ ದೊರೆ ವಿಷ್ಣುವರ್ಧನನೇ ಈ ಜಿನನಿಗೆ ವಿಜಯಪಾರ್ಶ್ವ ಅಂತ ಹೆಸರಿಟ್ಟ. ಇದನ್ನು ನಾವೆಲ್ಲ ಸ್ವಲ್ಪವಾದರೂ ಓದಿದ್ದೇವೆ. ಓದದೇ ಇರೋದು ಅದರ ಹಿಂದಿನ ವರ್ಷ ಘಟ್ಟದ ಕೆಳಗೆ ನಡೆದದ್ದು.

1132ರ ಅಕ್ಟೋಬರ್ 17. ಮಂಗಳೂರು. ಟ್ಯುನೀಷಿಯಾದ ಮಹ್ದಿಯಾದಿಂದ ಬಂದಿದ್ದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ತನ್ನ ಕೈಯಾರೆ ಒಂದು ಪತ್ರ ಬರೆದ. ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ್ದೇನೆ, ಇನ್ನು ಅವಳ ಮೇಲೆ ಯಾರಿಗೂ ಹಕ್ಕಿಲ್ಲ ಅನ್ನೋದು ಅದರ ಸಾರ. ಅವಳಿಗೆ ಬೆರಾಖಾ ಎಂಬ ಹೀಬ್ರೂ ಹೆಸರೂ ಸಿಕ್ಕಿತು. ಬೆರಾಖಾ ಅಂದರೆ ಆಶೀರ್ವಾದ. ಮುಂದೆ ಆತನ ಮಕ್ಕಳಿಗೆ ತಾಯಿಯಾದವಳು ಇವಳೇ ಅಂತ ವಿದ್ವಾಂಸರು ಹೇಳ್ತಾರೆ.

ಇಷ್ಟು ಹಳೆಯ ಕಾಗದ ಉಳಿದದ್ದು ಹೇಗೆ? ಹೀಬ್ರೂ ಅಕ್ಷರದಲ್ಲಿ ಬರೆದ ಕಾಗದದಲ್ಲಿ ದೇವರ ಹೆಸರಿರಬಹುದು ಅನ್ನೋ ಕಾರಣಕ್ಕೆ ಯಹೂದಿಗಳು ಅದನ್ನು ಹರಿದು ಬಿಸಾಡುತ್ತಿರಲಿಲ್ಲ. ಕೈರೋದ ಬೆನ್ ಎಜ್ರಾ ಮಂದಿರದಲ್ಲಿ ಅದಕ್ಕೆಂದೇ ಇದ್ದ ಕೋಣೆ ಗೆನಿಜಾ. ಪ್ರಾರ್ಥನೆಯ ಜೊತೆ ಮೆಣಸಿನ ಲೆಕ್ಕ, ಸಾಲದ ಚೀಟಿ, ಮದುವೆ ಪತ್ರ ಎಲ್ಲ ಅದರೊಳಗೆ ಬಿದ್ದವು. ಕೋಡ್ ಬರೆಯೋ ಕೆಲಸದಲ್ಲಿದ್ದಾಗ ಹಳೇ ಲಾಗ್ ಫೈಲುಗಳನ್ನು ವಾರಕ್ಕೊಮ್ಮೆ ಅಳಿಸುತ್ತಿದ್ದ ನನಗೆ ಇದು ಅಚ್ಚರಿ: ಯಾರೂ ಯೋಜಿಸದೆ, ಬರೀ ಭಕ್ತಿಯಿಂದ ಉಳಿದ ಎಂಟುನೂರು, ಒಂಬೈನೂರು ವರ್ಷಗಳ ಬ್ಯಾಕಪ್! 19ನೇ ಶತಮಾನದ ಕೊನೆಗೆ ಅದರ ದೊಡ್ಡ ಪಾಲು ಕೇಂಬ್ರಿಜ್ ಸೇರಿತು. ಗೊಯ್ಟೈನ್ ಎಂಬ ವಿದ್ವಾಂಸ ಚೂರು ಚೂರು ಜೋಡಿಸಿ ಬೆನ್ ಯಿಜುವಿನ ಬದುಕನ್ನು ಹೊರತೆಗೆದರು. ಅಮಿತಾವ್ ಘೋಷ್ 1992ರಲ್ಲಿ ಅದನ್ನು ಪುಸ್ತಕ ಮಾಡಿದರು. ಬೆನ್ ಯಿಜುವಿನ ಇನ್ನೊಬ್ಬ ಆಳಿನ ಹೆಸರು ಕಾಗದದಲ್ಲಿ ಬರೀ ವ್ಯಂಜನಗಳಲ್ಲಿತ್ತು. ಅದು 'ಬೊಮ್ಮ' ಅಂತ ಘೋಷ್‌ಗೆ ಹೊಳೆಯೋದಕ್ಕೆ ನೆರವಾದದ್ದು ನಮ್ಮ ಬಿ.ಎ. ವಿವೇಕ ರೈ.

ಈಗ ಮುಖ್ಯ ವಿಷಯ. ನೀವು ಈಜಿಪ್ಟಿನಲ್ಲಿ ಪರಕೀಯರಾಗಿದ್ದಿರಿ, ಆದ್ದರಿಂದ ಪರಕೀಯರನ್ನು ಹಿಂಸಿಸಬೇಡಿ ಅನ್ನೋದನ್ನು ಯಹೂದಿಗಳ ತೋರಾ ಮತ್ತೆ ಮತ್ತೆ ಹೇಳುತ್ತೆ. ಅದೇ ಧರ್ಮ ದಾಸ್ಯವನ್ನೂ ಒಪ್ಪಿಕೊಂಡಿತ್ತು. ಆದರೆ ಅದರ ಶಾಸ್ತ್ರದಲ್ಲಿ ಒಂದು ಬಾಗಿಲಿದೆ: ವಿಧಿಪ್ರಕಾರ ಬಿಡುಗಡೆಯಾದ ದಾಸಿ ಸಮುದಾಯದ ಪೂರ್ಣ ಸದಸ್ಯೆ. ಬೆನ್ ಯಿಜು ಪತ್ರ ಬರೆಯದೇ ಇದ್ದಿದ್ದರೆ ಮಂಗಳೂರಲ್ಲಿ ಕೇಳೋರು ಯಾರು? ದಾಸಿಯನ್ನು ಮನೆಯಲ್ಲಿಟ್ಟುಕೊಂಡು, ಊರಿಗೆ ವಾಪಸಾಗುವಾಗ ಮಕ್ಕಳನ್ನೂ ಮರೆತುಬಿಡೋದು ಸುಲಭದ ದಾರಿ. ಆತ ಬರೆದ. ಇಂಥ ಮದುವೆಯಲ್ಲಿ ಹುಟ್ಟಿದ ಮಕ್ಕಳ ಸ್ಥಾನವೇನು ಅನ್ನೋ ಧರ್ಮಶಾಸ್ತ್ರದ ಪ್ರಶ್ನೋತ್ತರದ ಕರಡುಗಳೂ ಆತನ ಕಾಗದಗಳಲ್ಲಿವೆ. ಅದು ಆತನದೇ ಮನೆಯ ಪ್ರಶ್ನೆ ಅನ್ನೋದು ವಿದ್ವಾಂಸರ ಊಹೆ, ನನಗೂ ಹಾಗೇ ಅನ್ಸುತ್ತೆ.

ಹಾಗಂತ ಆತನನ್ನು ಕ್ರಾಂತಿಕಾರಿ ಮಾಡೋದು ಬೇಡ. ಆತ ಆಳುಗಳನ್ನು ಇಟ್ಟುಕೊಂಡವನೇ. ಆಶು ಒಪ್ಪಿದಳಾ, ಬೇರೆ ದಾರಿ ಇಲ್ಲದೆ ಉಳಿದಳಾ ಅನ್ನೋದಕ್ಕೆ ಅವಳ ಕಡೆಯಿಂದ ಒಂದು ಸಾಲೂ ಇಲ್ಲ. 1149ರಲ್ಲಿ ಆತ ಮಗ ಮಗಳನ್ನು ಕರೆದುಕೊಂಡು ಏಡನ್‌ಗೆ ಹೊರಟಾಗ ಆಶು ಜೊತೆಗಿದ್ದ ಸುಳಿವೂ ಇಲ್ಲ.

ಆ ಹೊತ್ತಿಗೆ ಆತನ ಲೋಕ ಕುಸಿದಿತ್ತು. 1148ರಲ್ಲಿ ಸಿಸಿಲಿಯ ನಾರ್ಮನ್ನರು ಮಹ್ದಿಯಾ ಹಿಡಿದರು, ಅಣ್ಣತಮ್ಮಂದಿರು ದಿಕ್ಕಾಪಾಲಾದರು. ಪಶ್ಚಿಮದಿಂದ ಅಲ್ಮೊಹದ್ ದೊರೆಗಳು ಬಲವಂತದ ಮತಾಂತರ ಮಾಡಿಸುತ್ತಾ ಬರುತ್ತಿದ್ದರು. ಏಡನ್ ಮುಟ್ಟಿದವನು ಅಣ್ಣತಮ್ಮಂದಿರಿಗೆ ಕಾಗದ ಬರೆದ: ದೇವರ ದಯದಿಂದ ನಮ್ಮೆಲ್ಲರ ಊಟಕ್ಕೆ ಸಾಲುವಷ್ಟಿದೆ, ಬನ್ನಿ, ಮಗಳನ್ನು ನಿಮ್ಮ ಮಗನಿಗೇ ಕೊಡುತ್ತೇನೆ ಅಂತ. ಅಲ್ಲಿನ ಶ್ರೀಮಂತ ಮನೆತನವೊಂದು ಹೆಣ್ಣು ಕೇಳಿದ್ದರೂ ಆತ ಕೊಡಲಿಲ್ಲ. ಮುಂದೆ ಒಬ್ಬ ತಮ್ಮ ಹಣದಲ್ಲಿ ಮೋಸ ಮಾಡಿದ, ಮಗ ಯೆಮನ್‌ನಲ್ಲಿ ತೀರಿಹೋದ. ಮಂಗಳೂರಿನಲ್ಲಿ ಹುಟ್ಟಿದ ಮಗಳು 1156ರಲ್ಲಿ ಈಜಿಪ್ಟಿನಲ್ಲಿ ನಿರಾಶ್ರಿತ ದೊಡ್ಡಪ್ಪ-ಚಿಕ್ಕಪ್ಪಂದಿರ ಮನೆಯ ಹುಡುಗನನ್ನೇ ಮದುವೆಯಾದಳು. ಭರವಸೆ ಅನ್ನೋದು ಆತನಿಗೆ ಮನಸ್ಸಿನ ಹುಮ್ಮಸ್ಸಲ್ಲ, ಮಾಡಿ ಮುಗಿಸಬೇಕಾದ ಕರ್ತವ್ಯ. ಅದಕ್ಕೇ ಆತ ನನಗೆ ಇಷ್ಟ.

ನಮ್ಮ ತಲೆಮಾರಿನಲ್ಲಿ ಎರಡು ವಾದ ಜೋರಾಗಿವೆ. ಧರ್ಮ ಅಂದರೆ ಗೋಡೆ, ಕಾಯಬೇಕು ಅನ್ನೋರು ಒಂದು ಕಡೆ. ಗೋಡೆಯೇ ಆದ್ದರಿಂದ ಬಿಟ್ಟು ಬನ್ನಿ ಅನ್ನೋರು ಇನ್ನೊಂದು ಕಡೆ. ಅಂತರಧರ್ಮೀಯ ಜೋಡಿಗಳು ವಿಶೇಷ ವಿವಾಹ ಕಾಯ್ದೆಯ 30 ದಿನಗಳ ನೋಟಿಸಿಗೆ ಹೆದರುವ ರಾಜ್ಯದಲ್ಲಿ ಎರಡನೆಯವರ ಸಿಟ್ಟು ನನಗೆ ಅರ್ಥವಾಗುತ್ತೆ. ಆದರೆ ಧರ್ಮದ ಒಳಗೇ ನಿಂತು, ಅದರದೇ ನಿಯಮ ಹಿಡಿದು ದುರ್ಬಲರ ಪರ ಬಾಗಿಲು ತೆರೆಸೋದು ಮೂರನೇ ದಾರಿ. ಅದಕ್ಕೆ ಸದ್ದು ಕಡಿಮೆ, ಧೈರ್ಯ ಜಾಸ್ತಿ ಬೇಕು.

ಬೇಲೂರಿನಲ್ಲೇ ನೋಡಿ. 2022ರ ಮಾರ್ಚ್‌ನಲ್ಲಿ ಕಾಪು ಮಾರಿಗುಡಿಯ ಜಾತ್ರೆಯಿಂದ ಮುಸ್ಲಿಂ ವ್ಯಾಪಾರಿಗಳನ್ನು ಹೊರಗಿಟ್ಟ ಗಾಳಿ ಊರೂರಿಗೆ ಹಬ್ಬಿತು. ಬೇಲೂರು ತೇರಿನ ಮುಂದೆ ಕುರಾನ್ ಓದೋ ಹಳೇ ಪದ್ಧತಿಗೂ ಆಕ್ಷೇಪ ಬಂತು. ಜಾತ್ಯತೀತತೆಯ ಭಾಷಣ ಮಾಡಿದ್ದರೆ ಪ್ರಾಯಶಃ ಏನೂ ಆಗುತ್ತಿರಲಿಲ್ಲ. ಮುಜರಾಯಿ ಇಲಾಖೆ ಆಗಮ ಪಂಡಿತರ ಅಭಿಪ್ರಾಯ ಕೇಳಿತು. ಪದ್ಧತಿ ಮುಂದುವರಿಸಬಹುದು ಅಂತಾಯ್ತು. ಏಪ್ರಿಲ್ 13ರಂದು ಖಾಜಿಯವರು ಬಂದರು, ಓದಿದರು, ಚೆನ್ನಕೇಶವನ ತೇರು ಹೊರಟಿತು. ಮರುವರ್ಷ ಆಕ್ಷೇಪ ಮತ್ತೆ ಬಂತು.