ಮುಳುಗಿದವರ ಕಥೆ ಕೇಳುವ ಚಿತ್ರಗಳು

ನಿವೃತ್ತಿಯ ನಂತರ ಹಳಿಯಾಳದಲ್ಲಿ ನೆಲೆಸಿದ ನನಗೆ ಮಳೆಗಾಲದ ರಾತ್ರಿಗಳಲ್ಲಿ ಭಯದ ಚಲನಚಿತ್ರಗಳನ್ನು ನೋಡುವ ಚಟ ಅಂಟಿಕೊಂಡಿದೆ. ಅರ್ಥಶಾಸ್ತ್ರ ಓದಿ ಕಡತಗಳ ನಡುವೆ ಆಯುಷ್ಯ ಸವೆಸಿದವನಿಗೆ ಇದು ತಕ್ಕ ಹವ್ಯಾಸವಲ್ಲವೆಂಬುದು ಮನೆಯವರ ಅಭಿಪ್ರಾಯ. ದಾಂಡೇಲಿಗೆ ರಾಫ್ಟಿಂಗಿಗೆಂದು ಬರುವ ತಮ್ಮನ ಮಕ್ಕಳು ಮಾತ್ರ ರಾತ್ರಿ ನಮ್ಮಲ್ಲಿ ಉಳಿದು, ‘ದೊಡ್ಡಪ್ಪಾ, ಹೆದರಿಸುವಂಥದ್ದು ಯಾವುದಾದರೂ ಹೇಳಿ’ ಎನ್ನುತ್ತಾರೆ. ‘ನಾ ನಿನ್ನ ಬಿಡಲಾರೆ’ (1979), ‘ಆಪ್ತಮಿತ್ರ’ (2004) ಅವರಿಗೆ ಗೊತ್ತು. ಕಿರುಚಾಟವಿಲ್ಲದೆ, ಮುಗಿದ ಮೇಲೂ ಮನಸ್ಸನ್ನು ಕಲಕುತ್ತಲೇ ಇರುವ ಚಿತ್ರಗಳು ನಮ್ಮಲ್ಲಿ ಹೆಚ್ಚು ಜನರನ್ನು ತಲುಪಿಲ್ಲ.

ನಾನು ಮೊದಲು ಹೆಸರಿಸುವುದು ಜಪಾನಿನ ಮಸಾಕಿ ಕೊಬಯಾಶಿ 1964ರಲ್ಲಿ ನಿರ್ದೇಶಿಸಿದ ‘ಕ್ವೈದಾನ್’. ನಾಲ್ಕು ಕಥೆಗಳ, ಸುಮಾರು ಮೂರು ಗಂಟೆಗಳ ಚಿತ್ರ. ಅಷ್ಟು ವ್ಯವಧಾನವಿಲ್ಲದವರು ಮೂರನೆಯ ಕಥೆಯನ್ನಾದರೂ ನೋಡಬೇಕು. ಕಡಲಕಾಳಗದಲ್ಲಿ ಮುಳುಗಿ ಮಡಿದ ಹೈಕೆ ಕುಲದವರ ಪ್ರೇತಗಳು ಹೊಯಿಚಿ ಎಂಬ ಅಂಧ ಗಾಯಕನನ್ನು ರಾತ್ರಿ ಕರೆಸಿಕೊಂಡು, ತಮ್ಮದೇ ಅಂತ್ಯದ ಕಥೆಯನ್ನು ಹಾಡಿಸಿ ಕೇಳುತ್ತವೆ. ಅವನನ್ನು ಕಾಪಾಡಲು ಅವನ ಮೈಮೇಲೆಲ್ಲ ಪವಿತ್ರ ಸೂತ್ರಗಳನ್ನು ಬರೆಯುತ್ತಾರೆ, ಕಿವಿಗಳನ್ನು ಮರೆಯುತ್ತಾರೆ. ಮುಂದಿನದನ್ನು ಹೇಳಿ ರಸಭಂಗ ಮಾಡಲಾರೆ. ಸತ್ತವರು ಸೇಡಿಗಾಗಿ ಮರಳುವುದನ್ನು ಎಷ್ಟೋ ಚಿತ್ರಗಳಲ್ಲಿ ಕಂಡಿದ್ದೇವೆ. ತಮ್ಮ ಕಥೆ ಕೇಳಲೆಂದು ಮರಳುವುದು ನನಗೆ ಅದಕ್ಕಿಂತ ಭೀಕರವಾಗಿ ಕಂಡಿತು.

ಅದಕ್ಕೊಂದು ಕಾರಣವಿದೆ. ಎಂಬತ್ತರ ದಶಕದಲ್ಲಿ ಕಾಳಿ ನದಿಗೆ ಅಡ್ಡಲಾಗಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದು, ಸೂಪಾ ಎಂಬ ಊರೇ ನೀರಿನಡಿ ಸೇರಿತು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು. ಎಷ್ಟೋ ಸಂಸಾರಗಳು ರಾಮನಗರಕ್ಕೆ ಹೋದವು. ಆಗಷ್ಟೇ ಸೇವೆಗೆ ಸೇರಿದ್ದ ನಾನು ಆ ಸೀಮೆಯಲ್ಲಿ ಪರಿಹಾರದ ಪಟ್ಟಿ ಹಿಡಿದು ತಿರುಗಿದವರಲ್ಲೊಬ್ಬ. ಮನೆಗೆ ಇಷ್ಟು, ಗದ್ದೆಗೆ ಇಷ್ಟು, ಹಲಸಿನ ಮರಕ್ಕೆ ಇಷ್ಟು. ವೃದ್ಧರೊಬ್ಬರು ಕೊಂಕಣಿ ಬೆರೆತ ಕನ್ನಡದಲ್ಲಿ, ‘ಸಾಹೇಬರೇ, ನಮ್ಮ ಸ್ಮಶಾನವನ್ನು ಯಾವ ಕಾಲಮ್ಮಿನಲ್ಲಿ ಬರೆದಿರಿ?’ ಎಂದು ಕೇಳಿದರು. ಅದು ಸರ್ಕಾರಿ ಜಾಗ, ಪರಿಹಾರ ಬರುವುದಿಲ್ಲ ಎಂದೆ. ನಿಯಮದ ಪ್ರಕಾರ ಉತ್ತರ ಸರಿಯಾಗಿತ್ತು.

ಜ್ಯಾಕ್ ಕ್ಲೇಟನ್ ನಿರ್ದೇಶನದ ‘ದಿ ಇನ್ನೊಸೆಂಟ್ಸ್’ (1961) ಹೆನ್ರಿ ಜೇಮ್ಸ್‌ನ ಕಥೆಯಿಂದ ಹುಟ್ಟಿದ್ದು. ಹಗಲು ಹೊತ್ತಿನಲ್ಲಿ, ಕೆರೆಯ ಆಚೆ ದಡದ ಜೊಂಡಿನ ನಡುವೆ ಕಪ್ಪುಡುಗೆಯ ಹೆಂಗಸೊಬ್ಬಳು ಸುಮ್ಮನೆ ನಿಂತಿದ್ದಾಳೆ. ಅಷ್ಟೇ. ಇದನ್ನು ಒಬ್ಬರೇ ನೋಡಬೇಡಿ.

ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ವಸತಿ ಇರುವುದನ್ನು ಬಲ್ಲವರು, ನೇತೆನ್ ಚೋಕ್ಲಿಂಗ್ ಎಂಬ ಲಾಮಾ ನಿರ್ದೇಶಿಸಿದ ‘ಮಿಲರೇಪ’ವನ್ನೂ (2006) ಹುಡುಕಿ ನೋಡಬಹುದು. ವಿಧವೆಯ ಆಸ್ತಿಯನ್ನು ಬಂಧುಗಳು ನುಂಗುತ್ತಾರೆ. ತಾಯಿ ಮಗನನ್ನು ಮಾಟ ಕಲಿಯಲು ಕಳಿಸುತ್ತಾಳೆ. ಜಮೀನಿನ ವ್ಯಾಜ್ಯಗಳನ್ನು ವರ್ಷಗಟ್ಟಲೆ ಕಂಡ ನನಗೆ ಇದರಲ್ಲಿ ಮಾಟವೊಂದೇ ಹೊಸದು. ತಾಂತ್ರಿಕವಾಗಿ ಚಿತ್ರ ಅಷ್ಟೇನೂ ಪ್ರಬಲವಲ್ಲ, ಆದರೆ ಆ ತಾಯಿಯ ಮುಖ ಮರೆಯಲಾಗದು.

ಕಳೆದ ಮಳೆಗಾಲ ಮಕ್ಕಳಿಗೆ ನಾನು ತೋರಿಸಿದ್ದು ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ (2002). ನಾ. ಡಿಸೋಜ ಅವರ ಕಾದಂಬರಿಯನ್ನು ಆಧರಿಸಿದ, ಸ್ವರ್ಣಕಮಲ ಪಡೆದ ಈ ಚಿತ್ರವನ್ನು ಯಾರೂ ಭಯದ ಚಿತ್ರಗಳ ಸಾಲಿಗೆ ಸೇರಿಸುವುದಿಲ್ಲ. ನನ್ನ ಪಟ್ಟಿಯಲ್ಲಿ ಅದಕ್ಕೇ ಮೊದಲ ಸ್ಥಾನ. ಅಣೆಕಟ್ಟಿನಿಂದಾಗಿ ಊರವರೆಲ್ಲ ಪರಿಹಾರ ಪಡೆದು ಹೊರಟುಹೋಗಿದ್ದಾರೆ, ಒಂದು ಸಂಸಾರ ಉಳಿದಿದೆ, ಮಳೆ ನಿಲ್ಲುವುದಿಲ್ಲ. ಸೌಂದರ್ಯ ಅಭಿನಯಿಸಿದ ನಾಗಿ ಏರುತ್ತಿರುವ ನೀರನ್ನು ನೋಡುವಾಗ ನನ್ನ ಉಸಿರು ಕಟ್ಟಿತು.

‘ಇದರಲ್ಲಿ ದೆವ್ವ ಎಲ್ಲಿದೆ ದೊಡ್ಡಪ್ಪಾ?’ ಎಂದು ಕಿರಿಯವನು ಕೇಳಿದ. ನಾನು ಉತ್ತರಿಸಲಿಲ್ಲ. ಮರುದಿನ ಗಣೇಶಗುಡಿಗೆ ಕರೆದೊಯ್ದು ಸೂಪಾದ ಹಿನ್ನೀರು ತೋರಿಸಿದೆ. ಹುಡುಗರು ಫೋಟೊ ತೆಗೆದುಕೊಂಡರು. ಆ ಸ್ಮಶಾನ ಯಾವ ದಿಕ್ಕಿಗಿತ್ತೆಂದು ಬಹಳ ಹೊತ್ತು ನಿಂತು ನೋಡಿದೆ, ಗುರುತು ಹತ್ತಲಿಲ್ಲ.